ಜಾನಕಮ್ಮನ ಗಿಡಗಳು
ನನ್ನ ಅಕ್ಷರ ಸೊಟ್ಟ, ಮಾತೂ ಕಡಿಮೆ. ಶಾಲೆ ಬಿಟ್ಟವಳೆಂದು ಮನ್ನಿಸಿ. ನುಂಗಂಬಾಕ್ಕಂನ ನಮ್ಮಜ್ಜಿ ಜಾನಕಮ್ಮನಿಗೆ ತಾರಸಿಯ ಗಿಡಗಳೇ ಮಕ್ಕಳು. ಮಲ್ಲಿಗೆಗೆ ಅಕ್ಕಿ ತೊಳೆದ ನೀರು, ಅಳಿಲು ಕಚ್ಚದಂತೆ ದಾಳಿಂಬೆಗೆ ತನ್ನ ಮದುವೆ ಸೀರೆಯ ಚೀಲ. ಮಂಡಿನೋವಿನಿಂದ ಅವಳು ಮೆಟ್ಟಿಲು ಹತ್ತಲಾರಳು, ಉಳಿದವರಿಗೆ ಆಫೀಸು. ನೀರು ಹಾಕುವವಳು ನಾನೊಬ್ಬಳೇ. ನಾನು ಮುಟ್ಟಾದ ಮೂರು ದಿನ ಮಾತ್ರ, "ಮೇಲೆ ಹೋಗ್ಬೇಡ್ವೇ, ನೀ ಮುಟ್ಟಿದ್ರೆ ಗಿಡ ವಾಡಿ ಹೋಗತ್ತೆ" ಎಂದು ಮೆಟ್ಟಿಲಿಗೆ ಅಡ್ಡ ಕೂರುತ್ತಾಳೆ. ಕಡುಬೇಸಿಗೆಯ ಕತ್ತರಿ ಬಿಸಿಲಲ್ಲಿ ಮೂರು ದಿನ ನೀರಿಲ್ಲದ ಗಿಡ ಬಾಡದೆ ಇನ್ನೇನಾದೀತು? ನಾಲ್ಕನೆಯ ದಿನ ಗಿಡ ಬಾಡಿದೆ ಎಂದರೆ, "ಕದ್ದು ಮುಟ್ಟಿದೀಯ, ನಂಗೊತ್ತು" ಎಂದು ನನ್ನನ್ನೇ ಬೈಯುತ್ತಾಳೆ. ಹೋದ ತಿಂಗಳು ನಾನು ಕೆಳಗೆ ತಂದ ಸತ್ತ ನಿಂಬೆಗಿಡವನ್ನು ಮಡಿಲಲ್ಲಿಟ್ಟುಕೊಂಡು ಅತ್ತಳು, ಊಟ ಬಿಟ್ಟಳು. ಕೊಂದವಳು ತಾನೇ ಎಂದು ಅವಳಿಗಿನ್ನೂ ಹೊಳೆದಿಲ್ಲ. ನನಗೆ ಮೈಯೆಲ್ಲ ಉರಿಯುತ್ತದೆ. ಇವತ್ತು ಎರಡನೆಯ ದಿನ. ಬಕೆಟ್ ತುಂಬಿಸಿದ್ದೇನೆ, ಅವಳನ್ನು ದಾಟಿಕೊಂಡೇ ಮೇಲೆ ಹೋಗಿ ನೀರು ಹಾಕುತ್ತೇನೆ.