ಚರ್ಚಿನ ಬಾಗಿಲಲ್ಲಿ ನನ್ನ ಶೂ

ಇಂಗ್ಲೆಂಡಿನ ಸಟನ್ ಕೋಲ್ಡ್‌ಫೀಲ್ಡ್‌ನ ನಮ್ಮ ಮನೆಯಿಂದ ಬಸ್ಸಿನಲ್ಲಿ ಸ್ವಲ್ಪ ದೂರ ಹೋದರೆ ಒಂದು ಹಳ್ಳಿ. ಅಲ್ಲೊಂದು ಹಳೇ ಚರ್ಚು. ಕೆಲಸದಿಂದ ನಿವೃತ್ತಳಾದ ಮೇಲೆ ಶನಿವಾರಗಳಂದು ಬಂದವರಿಗೆ ಅದರ ಕಟ್ಟಡ ತೋರಿಸಿ ವಿವರಿಸುವ ಕೆಲಸ ಹಿಡಿದೆ. ಸಂಬಳವಿಲ್ಲ, ಚಹಾ ಉಂಟು. "ಉಡುಪಿ ಕಡೆಯವಳು ಇಂಗ್ಲಿಷರಿಗೆ ಅವರದೇ ಚರ್ಚು ತೋರಿಸುವುದಾ?" ಎಂದು ಇಲ್ಲಿಯ ಕನ್ನಡದ ಗೆಳತಿಯರು ನಕ್ಕರು. ನಗಲಿ.

ಒಳಗೆ ಎಡಗಡೆಯ ಕಮಾನುಗಳು ದುಂಡಗಿವೆ, ಕಂಬಗಳು ಒರಳಿನ ಹಾಗೆ ಗಿಡ್ಡ, ದಪ್ಪ. ಬಲಗಡೆಯವು ಚೂಪು, ಕಂಬಗಳು ಸಪೂರ. ಎಡದ್ದು ಮೊದಲು ಕಟ್ಟಿದ್ದು. ತಲೆಮಾರುಗಳು ಕಳೆದು, ಉಣ್ಣೆ ಮಾರಿ ಕೈಯಲ್ಲಿ ನಾಲ್ಕು ಕಾಸು ಆಡತೊಡಗಿದಾಗ ಊರವರು ಬಲದ ಗೋಡೆ ಒಡೆದು ಹೊಸ ಕಾಲದ ಕಮಾನು ಎಬ್ಬಿಸಿದರು. ಎಡಕ್ಕೆ ಬರುವಷ್ಟರಲ್ಲಿ ದುಡ್ಡು ಮುಗಿದಿರಬೇಕು. ಹೀಗೆ ಒಂದು ಕಾಲು ಅಜ್ಜನ ಕಾಲದಲ್ಲಿ, ಇನ್ನೊಂದು ಮೊಮ್ಮಗನ ಕಾಲದಲ್ಲಿ ಇಟ್ಟು ನಿಂತಿರುವ ಈ ಕಟ್ಟಡವೆಂದರೆ ನನಗೆ ಪ್ರಾಣ.

ಆದರೆ ಶೂ ಹಾಕಿಕೊಂಡು ಒಳಗೆ ಕಾಲಿಡಲು ನನ್ನಿಂದಾಗದು. ದೇವರು ಯಾರದ್ದೇ ಇರಲಿ, ಹೊಸ್ತಿಲು ಹೊಸ್ತಿಲೇ. ಬಾಗಿಲ ಬಳಿ ಶೂ ಬಿಟ್ಟು, ದಪ್ಪ ಕಾಲುಚೀಲದಲ್ಲಿ ಓಡಾಡುತ್ತೇನೆ. ಕಂಬಗಳ ನಡುವಿನ ದಾರಿಯಲ್ಲಿ ನೆಲಕ್ಕೆ ಹಾಸಿದ ಒಂದು ಸಮಾಧಿಕಲ್ಲಿದೆ, ಅದನ್ನು ಮಾತ್ರ ಸುತ್ತುಹಾಕುತ್ತೇನೆ. ಅದರ ಮೇಲೆ ಅಕ್ಷರಗಳಿವೆ. ಅಕ್ಷರ ತುಳಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕೆಂದು ಚಿಕ್ಕಂದಿನಲ್ಲೇ ಕಲಿತವಳು ನಾನು.

ಇದು ಚರ್ಚಿನ ಉಸ್ತುವಾರಿ ನೋಡುವ ಹಿರಿಯರೊಬ್ಬರ ಕಣ್ಣಿಗೆ ಬಿತ್ತು. "ಬಂದವರು ವಿಚಿತ್ರವಾಗಿ ನೋಡುತ್ತಾರೆ. ಜಾರಿ ಬಿದ್ದರೆ ಜವಾಬ್ದಾರಿ ನಮ್ಮದು," ಎಂದರು. "ಮುಂದಿನ ಶನಿವಾರ ಶೂ ಹಾಕಿ. ಇಲ್ಲದಿದ್ದರೆ ಸರದಿಯ ಪಟ್ಟಿಯಿಂದ ನಿಮ್ಮ ಹೆಸರು ತೆಗೆಯಬೇಕಾಗುತ್ತದೆ."

ಆ ಶನಿವಾರಗಳಿಲ್ಲದೆ ನನ್ನ ವಾರಕ್ಕೆ ತಲೆಬುಡವಿಲ್ಲ. ಬಸ್ಸಿನಲ್ಲಿ ಮನೆಗೆ ಬರುವಷ್ಟರಲ್ಲಿ ಹೆದರಿಕೆ ಇಳಿದು ಸಿಟ್ಟು ಏರಿತ್ತು. "ಅಮ್ಮಾ, ಜಸ್ಟ್ ವೇರ್ ದ ಶೂಸ್," ಎಂದಳು ಮಗಳು. ಅಂಗಡಿಗೆ ಹೋಗಿ ಅಡಿಯಲ್ಲಿ ರಬ್ಬರಿನ ಹಿಡಿತವಿರುವ ಕಾಲುಚೀಲ ತಂದೆ. ಜಾರುವ ಮಾತು ಅಲ್ಲಿಗೆ ಮುಗಿಯಿತು. ಬಣ್ಣ ಕೆಂಪೇ ಇರಲಿ ಎಂದು ಆರಿಸಿದೆ. ವಿಚಿತ್ರವಾಗಿ ನೋಡುವವರಿಗೆ ಸರಿಯಾಗಿ ಕಾಣಬೇಕಲ್ಲ.

ಶನಿವಾರ ಹತ್ತಾರು ಜನ ಬಂದಿದ್ದರು. ಹಿರಿಯರು ಸಮಾಧಿಕಲ್ಲಿನ ಆಚೆ, ನಾವೆಲ್ಲ ಈಚೆ. ಅವರು ನನ್ನ ಕಾಲು ನೋಡಿದರು.

"ಶೂ ಹಾಕಲು ಹೇಳಿದ್ದೆ," ಎಂದರು, ಎಲ್ಲರೆದುರಿಗೆ.

"ಹೇಳಿದ್ದಿರಿ. ನಾನು ಹಾಕುವುದಿಲ್ಲ," ಎಂದೆ. ಬಂದವರ ಕಡೆ ತಿರುಗಿದೆ. "ಈ ಕಲ್ಲಿನ ಕೆಳಗೆ ಮಲಗಿರುವವರು ಈ ಊರಿನವರು. ಹೆಸರು ಪೂರ್ತಿ ಕೆತ್ತಿದ್ದರು. ಪ್ರಾರ್ಥನೆಗೆ ಬಂದವರ ಶೂಗಳೇ ಅದನ್ನು ತಿಂದಿವೆ. ಈಗ ಉಳಿದಿರುವುದು ಕೊನೆಯ ಮೂರು ಅಕ್ಷರ. ಅವನ್ನು ಅಳಿಸುವ ಕಾಲು ನನ್ನದಾಗುವುದು ಬೇಡ. ಸರದಿಯ ಪಟ್ಟಿಯಲ್ಲಿ ನನ್ನ ಹೆಸರು ಅಳಿಸುವುದಾದರೆ ಅಳಿಸಿ."

ಹಿರಿಯರು ನನ್ನತ್ತ ಬರಲು ಕಾಲೆತ್ತಿದರು. ಕೆಳಗೆ ನೋಡಿದರು. ಆಮೇಲೆ ಕಲ್ಲನ್ನು ಬಳಸಿ, ಕಂಬದ ಪಕ್ಕದಿಂದ ಸುತ್ತಿ ಬಂದು ಎಲ್ಲರ ಹಿಂದೆ ನಿಂತರು.

ನಾನು ದುಂಡು ಕಮಾನುಗಳಿಂದ ವಿವರಣೆ ಶುರು ಮಾಡಿದೆ.