ಜೋಳದ ತೆನೆಗೆ ಮುಸುಕು

ಸಸ್ಯ ತಳಿಶಾಸ್ತ್ರದಲ್ಲಿ ಇಷ್ಟು ವರ್ಷ ಏನು ಮಾಡಿದೆ ಎಂದು ಯಾರಾದರೂ ಕೇಳಿದರೆ, ಜೋಳದ ತೆನೆಗಳಿಗೆ ಕಾಗದದ ಚೀಲ ತೊಡಿಸುತ್ತ ಬಂದೆ ಎನ್ನುತ್ತೇನೆ. ಹೂವಾಡುವ ಮುಂಚೆ ಚೀಲ ಕಟ್ಟಿದರೆ ಪಕ್ಕದ ಹೊಲದ ಪರಾಗ ಒಳಗೆ ನುಸುಳುವುದಿಲ್ಲ, ತಳಿ ಬೆರಕೆಯಾಗುವುದಿಲ್ಲ. ಗದಗ, ಮುಂಡರಗಿ, ಲಕ್ಷ್ಮೇಶ್ವರದ ಶಾಲೆಗಳಲ್ಲಿ ಮಕ್ಕಳಿಗೆ ಇದನ್ನೇ ಹೇಳಿ ಹೇಳಿ ನನ್ನ ಗಂಟಲು ಸವೆದಿದೆ.

ಬೆಳ್ಳಟ್ಟಿಯ ಒಬ್ಬ ಅಜ್ಜಿ, ಎಲ್ಲರ ಬಾಯಲ್ಲೂ ಆಯಿ, ತಮ್ಮ ಎರೆ ಹೊಲದ ಮೂಲೆಯೊಂದನ್ನು ನನ್ನ ಪ್ರಯೋಗಕ್ಕೆ ಬಿಟ್ಟುಕೊಟ್ಟಿದ್ದರು. ಎಳ್ಳಮಾವಾಸ್ಯೆಯ ಮರುದಿನ ಶಿರಹಟ್ಟಿಯ ಶಾಲೆಯ ಮಕ್ಕಳನ್ನು ಕರೆದುಕೊಂಡು ಹೋದೆ. ನೋಡಿದರೆ ಒಂದು ತೆನೆಯ ಮೇಲೂ ಚೀಲವಿಲ್ಲ! ಎಲ್ಲವನ್ನೂ ಅಚ್ಚುಕಟ್ಟಾಗಿ ಮಡಚಿ, ಬದುವಿನ ಮೇಲೆ ಕಲ್ಲು ಹೇರಿ ಇಟ್ಟಿದ್ದರು.

"ನಿನ್ನಿ ಚರಗ ಚೆಲ್ಲಿದ್ವಿರಿ ಅಕ್ಕಾರ," ಎಂದರು ಆಯಿ. "ಬಸುರಿ ಬೆಳಿ. ಮಾರಿ ಮುಚ್ಚಿಕೊಂಡು ಹೆಂಗ ಉಣ್ಣತೈತ್ರಿ?"

ಹಬ್ಬದ ದಿನ ಹೋಳಿಗೆ, ಕಡಬು, ಪಲ್ಯ ಎಲ್ಲ ಕಲಸಿ, ಬಸುರಿಗೆ ಬಯಕೆಯ ಊಟವೆಂದು ಬೆಳೆಯ ನಡುವೆ ಎರಚುವುದೇ ಚರಗ. ಆದರೆ ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಹೂವಾಡುವ ಹೊತ್ತಿಗೇ ಚೀಲ ತೆಗೆದು ಒಂದು ವರ್ಷದ ದುಡಿಮೆ ಮಣ್ಣುಪಾಲಾಯಿತೆಂದು ಮಕ್ಕಳೆದುರಿಗೇ ಒದರಿಬಿಟ್ಟೆ. ಆಯಿ ತಲೆಯ ಮೇಲೆ ಸೆರಗೆಳೆದುಕೊಂಡು ಮನೆಯ ದಾರಿ ಹಿಡಿದರು.

ತಿರುಗಿ ಬರುವಾಗ ಬಸ್ಸಿನಲ್ಲಿ ಹೊಳೆಯಿತು: ಊರೂರಿನ ಮಕ್ಕಳಿಗೆಲ್ಲ ಹೇಳಿದ್ದೆ, ಹೊಲದ ಒಡತಿಗೆ ಮಾತ್ರ ಚೀಲ ಯಾಕೆಂದು ಒಂದು ದಿನವೂ ಹೇಳಿರಲಿಲ್ಲ. ನಾಚಿಕೆಯಾಯಿತು. ವರ್ಷದ ಪ್ರಯೋಗ ಹೋದದ್ದಕ್ಕಿಂತ, ಆ ಜೀವ ಇನ್ನು ನನ್ನನ್ನು ಮಾತಾಡಿಸುವುದೋ ಇಲ್ಲವೋ ಎಂಬುದೇ ಕೊರೆಯತೊಡಗಿತು.

ಮರುವಾರ ಹೋಗಿ ಅವರ ಒಲೆಯ ಮುಂದೆ ಕೂತು ಎಲ್ಲ ಬಿಡಿಸಿ ಹೇಳಿದೆ, ತಪ್ಪಾಯಿತೆಂದೆ. ಅವರು ರೊಟ್ಟಿ ಬಡಿಯುತ್ತಲೇ ಕೇಳಿದರು. ಮುಖ ಎತ್ತಲಿಲ್ಲ.

"ಕಾಳು ಕಟ್ಟಿದ ಮ್ಯಾಲೆ ಚೀಲ ತಗದ್ರ ನಡಿತೈತೇನ್ರಿ?"

"ನಡಿತೈತಿ ಆಯಿ."

"ಹಂಗಾದ್ರ ಇಪ್ಪತ್ತು ದಿನ ಮೊದ್ಲ ಬಿತ್ತೂಣು. ಹಬ್ಬಕ್ಕ ಮಾರಿ ತೆರಿಯಾಕ ಬರತೈತಿ."

ಇಷ್ಟೆಲ್ಲ ಓದಿದ ನನ್ನ ತಲೆಗೆ ಅದು ಹೊಳೆದಿರಲಿಲ್ಲ.

ಮರುವರ್ಷ ಹಾಗೆಯೇ ಬಿತ್ತಿದೆವು. ಬೇಗ ಬಿತ್ತಿದ್ದಕ್ಕೆ ಕಾರಣವೇನೆಂದು ವರದಿಯಲ್ಲಿ ಬರೆಯಬೇಕಿತ್ತು; 'ಮಣ್ಣಿನ ತೇವ' ಎಂದು ಬರೆದೆ. ಹಸಿ ಸುಳ್ಳು. ಹಬ್ಬದ ದಿನ ಆಯಿ ಮೊದಲ ತೆನೆಯ ಚೀಲಕ್ಕೆ ಕೈ ಹಾಕಿ, ನನ್ನ ಕಡೆ ನೋಡುತ್ತ ನಿಂತರು. "ತಗೀರಿ ಆಯಿ," ಎಂದೆ. ಒಳಗೆ ಕಾಳು ತುಂಬಿತ್ತು.

ಚರಗ ಚೆಲ್ಲಿ ಬಂದು ಎಲ್ಲರೂ ಊಟಕ್ಕೆ ಕೂತೆವು. ಮನೆಯವರಿಗೆ ಯಾರಿಗೂ ಬಡಿಸುವ ಮೊದಲೇ ಆಯಿ ಎಳ್ಳು ಹೋಳಿಗೆ ಮುರಿದು, ನನ್ನ ಗದ್ದ ಹಿಡಿದು ಬಾಯಿಗಿಟ್ಟರು.

"ಹ್ವಾದ ವರ್ಷ ಒದರಿದ ಬಾಯಿಗೆ ಮೊದ್ಲ," ಎಂದರು.