ಕಂಬಳಿ ಹೊದ್ದ ಬ್ರೆಡ್ಡು

ನಮ್ಮ ಕಡೆ ಬ್ರೆಡ್ಡು ಅಂದರೆ ಜ್ವರ. ಆಸ್ಪತ್ರೆಗೆ ಯಾರನ್ನಾದರೂ ನೋಡಲು ಹೋಗುವಾಗ ಬಸ್ ಸ್ಟ್ಯಾಂಡಿನಲ್ಲಿ ಒಂದು ಪೌಂಡು ಬ್ರೆಡ್ಡು, ನಾಲ್ಕು ಮೂಸಂಬಿ ಕಟ್ಟಿಸಿಕೊಂಡು ಹೋಗುತ್ತಿದ್ದೆವು. ಮೈ ನೆಟ್ಟಗಿರುವವರು ಅದನ್ನು ತಿಂದದ್ದು ನಾನು ಕಂಡಿರಲಿಲ್ಲ. ಇಂಥ ಊರಲ್ಲಿ ನನ್ನ ಮಗಳು ಮನೆಯಲ್ಲೇ ಬ್ರೆಡ್ಡು ಮಾಡುತ್ತೇನೆ ಅಂದಳು. ಅದೂ ಅವಳ ಮದುವೆಯ ಮಾತು ನಡೆಯುತ್ತಿದ್ದಾಗ.

ಊರಿಗೆಲ್ಲ ಒಂದೋ ಎರಡೋ ಟೀವಿ ಇದ್ದ ಕಾಲ. ಕುಂದಾಣದ ಕಡೆಯವರು ಬಂದು ಹುಡುಗಿಯನ್ನು ನೋಡಿ, ಹೇಳಿ ಕಳಿಸುತ್ತೇವೆ ಎಂದು ಹೋಗಿದ್ದರು. ಆ ಮನೆ ನನಗೂ ಹಿಡಿಸಿತ್ತು. ಮಗಳಿಗೆ ಇನ್ನೂ ಜಾಸ್ತಿ ಹಿಡಿಸಿತ್ತು, ಬಾಯಿಬಿಟ್ಟು ಹೇಳುತ್ತಿರಲಿಲ್ಲ ಅಷ್ಟೆ.

ಅವಳು ದೇವನಹಳ್ಳಿಯಲ್ಲಿ ಹೊಲಿಗೆ ಕಲಿಯುತ್ತಿದ್ದಳು. ಹೇಳಿಕೊಡುವ ಟೀಚರಿಗೆ ನೆಂಟರು ಯಾರೋ ಪರದೇಶದಿಂದ ತಂದ ರಟ್ಟಿನ ಡಬ್ಬ ಇವಳ ಕೈಗೆ ಬಂತು. ಒಳಗೆ ಹೊಟ್ಟು ಸಮೇತ ಬೀಸಿದ ಕಂದು ಹಿಟ್ಟು, ಅದರಲ್ಲಿ ಇಡೀ ಕಾಳುಗಳು, ಜೊತೆಗೆ ಹುಳಿ ಬರಿಸುವ ಪುಡಿಯ ಪೊಟ್ಟಣ. ನಮ್ಮ ಹಸುವಿನ ಬೂಸಾ ಇದಕ್ಕಿಂತ ನುಣ್ಣಗಿದೆ ಅಂದೆ. ಅವಳು ಕೇಳಿಸಿಕೊಳ್ಳಲಿಲ್ಲ. ಡಬ್ಬದ ಮೇಲಿನ ಇಂಗ್ಲಿಷನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿ, ಹಿಟ್ಟು ಕಲಸಿ ನಾದಿದಳು. ಅದು ಉಬ್ಬಿ ಏಳುವ ತನಕ ಬೆಚ್ಚಗಿಡಬೇಕಂತೆ. ಅವತ್ತು ಥಂಡಿ ಗಾಳಿ. ಪಾತ್ರೆಯನ್ನು ನಡುಮನೆಯ ಮಂಚದ ಮೇಲಿಟ್ಟು, ಅವರಪ್ಪನ ಕಂಬಳಿ ಹೊದಿಸಿ, ಆಗಾಗ ನೋಡುತ್ತಿರು ಎಂದು ನನಗೆ ಹೇಳಿ, ಅದನ್ನು ಬೇಯಿಸಲು ಬೇಕಾದ ಮರಳು ಜರಡಿ ಹಿಡಿಯಲು ಹಿತ್ತಲಿಗೆ ಹೋದಳು.

ನಾನು ಕಂಬಳಿಯ ಅಂಚು ಎತ್ತಿ, ಕೈ ಒಳಗಿಟ್ಟು ಮುಟ್ಟಿ ನೋಡುತ್ತಿದ್ದೆ. ಪಕ್ಕದ ಮನೆಯವಳು ಮೊಸರಿಗೆ ಹೆಪ್ಪು ಕೇಳಿಕೊಂಡು ಬಂದಳು. ಬಾಗಿಲಲ್ಲೇ ನಿಂತು ಮಂಚ ನೋಡಿ, ಏನಕ್ಕಾ ಆಯ್ತು ಅಂದಳು.

"ಇನ್ನೂ ಎದ್ದಿಲ್ಲ ಕಣೆ," ಅಂದೆ.

ಅವಳು ಹೆಪ್ಪನ್ನೂ ಮರೆತು ಹೋದಳು. ಹಿಟ್ಟು ಅಷ್ಟಿಷ್ಟು ಎದ್ದ ಮೇಲೆ ನಾವು ಮರಳು ಹಾಕಿದ ದಬರಿಯಲ್ಲಿ ಅದನ್ನಿಟ್ಟು, ಮುಚ್ಚಳದ ಮೇಲೆ ಕೆಂಡ ಸುರಿದು ಬೇಯಿಸಿದೆವು. ಬ್ರೆಡ್ಡಿನ ವಾಸನೆ ಬೀದಿಗೆಲ್ಲ ಹೋಯಿತು. ಸಾಯಂಕಾಲ ಡೈರಿಯಲ್ಲಿ ಹಾಲು ಅಳೆಯುವ ಹೊತ್ತಿಗೆ ಊರಿಗೆಲ್ಲ ಗೊತ್ತಾಗಿತ್ತು, ನನ್ನ ಮಗಳು ಕಂಬಳಿ ಹೊದ್ದು ಮಲಗಿದ್ದಾಳೆ, ಏಳುತ್ತಿಲ್ಲ ಅಂತ. ಹುಡುಗನ ಸೋದರತ್ತೆಯನ್ನು ನಮ್ಮೂರಿಗೇ ಕೊಟ್ಟಿದ್ದರು. ಸುದ್ದಿ ಕುಂದಾಣ ಮುಟ್ಟಲು ಇನ್ನೇನು ಬೇಕು?

ಮಾರನೆಯ ದಿನ ಹುಡುಗನ ತಾಯಿ ಬಂದಳು. ಕೈಯಲ್ಲಿ ಬ್ರೆಡ್ಡು, ಮೂಸಂಬಿ. ನನ್ನ ಮುಖ ನೋಡದೆ ಒಳಗಿನ ಮಂಚ ನೋಡಿದಳು.

"ಯಾವಾಗಿಂದ ಏನವ್ವಾ ಮಗೀಗೆ? ಎದ್ದೇ ಇಲ್ವಂತೆ."

"ಎದ್ದಿಲ್ಲ ಅಂದಿದ್ದು ಹಿಟ್ಟು. ಮಗಳಲ್ಲ."

ಅಷ್ಟರಲ್ಲಿ ಮಗಳು ಸಗಣಿ ಬುಟ್ಟಿ ಹೊತ್ತು ಬಂದಳು, ಗುಂಡುಕಲ್ಲಿನ ಹಾಗೆ. ಆಯಮ್ಮನಿಗೆ ನಂಬಿಕೆ ಬರಲಿಲ್ಲ. ಮನೆಯಲ್ಲೇ ಬ್ರೆಡ್ಡು ಮಾಡಿಕೊಳ್ಳುವ ಮಟ್ಟಕ್ಕೆ ಬಂದಿದ್ದಾರೆ ಅಂದರೆ ಯಾವುದೋ ಹಳೇ ಕಾಯಿಲೆಯೇ ಇರಬೇಕು, ಈಗಲೇ ಹೇಳಿಬಿಡಿ ಅಂದಳು. ಮಗಳು ಬುಟ್ಟಿ ಇಳಿಸುವುದನ್ನೂ ಮರೆತು ನಿಂತಳು. ಬಾಯಿ ಮಾತು ನಡೆಯುವುದಿಲ್ಲ ಅಂತ ನನಗೆ ತಿಳಿಯಿತು. ಒಳಗಿಂದ ನಮ್ಮ ಬ್ರೆಡ್ಡು ತಂದೆ. ಚಾಕು ಇಳಿಯಲಿಲ್ಲ, ಈಳಿಗೆಮಣೆಯಲ್ಲಿ ಕೊಯ್ದು, ಹುಚ್ಚೆಳ್ಳು ಚಟ್ನಿ ಹಚ್ಚಿ ಮುಂದಿಟ್ಟೆ.

ಆಯಮ್ಮ ಒಂದು ತುಂಡು ಬಾಯಿಗೆ ಹಾಕಿದಳು. ಅಗಿದಳು. ಆ ದವಡೆಯಿಂದ ಈ ದವಡೆಗೆ ತಳ್ಳಿ ಮತ್ತೆ ಅಗಿದಳು. ಕೊನೆಗೆ ನುಂಗಿ, ತಾನು ತಂದ ಬ್ರೆಡ್ಡನ್ನು ಎರಡು ಬೆರಳಲ್ಲಿ ಒತ್ತಿ ನೋಡಿದಳು. ಅದು ಹತ್ತಿಯ ಹಾಗೆ ಕುಸಿಯಿತು.

"ಕಾಯ್ಲೆಯೋರು ನಿಮ್ ಬ್ರೆಡ್ಡು ತಿಂದ್ರೆ ಅವತ್ತೇ ಸತ್ತೋಯ್ತಾರೆ," ಅಂದಳು. "ಇದ ತಿಂದು ಅರಗಿಸ್ಕಂಡವ್ಳೆ ಅಂದ್ರೆ ಹುಡ್ಗಿ ಗಟ್ಟಿಗಿತ್ತೀನೇ. ಗಂಟ್ಲು ಹಿಡ್ಕಂತು, ಒಂದ್ ಚೊಂಬು ನೀರು ಕೊಡು ಬೀಗ್ತಿ."

ಅಲ್ಲಿವರೆಗೂ ಆಯಮ್ಮ ನನ್ನನ್ನು ಏನವ್ವಾ ಎಂದೇ ಕರೆದಿದ್ದಳು. ನಾನು ಮೊಣಕಾಲು ಹಿಡಿದುಕೊಂಡು ಏಳುವಷ್ಟರಲ್ಲಿ ಮಗಳು ಕೈ ತೊಳೆದು ಚೊಂಬು ತುಂಬಿಸಿಕೊಂಡು ಬಾಗಿಲಲ್ಲಿ ನಿಂತಿದ್ದಳು.